ಪುಟ್ಟ ಅಂಗಳಕ್ಕೆ ಮಳೆಗಾಲದ ಬಣ್ಣ

ಮೇ ತಿಂಗಳಲ್ಲಿ ಕಣ್ಣು ಕುಕ್ಕುವ ಹೂಗಿಡ ಆಷಾಢ ಮುಗಿಯುವಷ್ಟರಲ್ಲಿ ಕೊಳೆತಿರುತ್ತದೆ. ಅಟ್ಟದ ಮೇಲೆ ಮಲಗಿದ್ದ ಡೇರೆ ಗೆಡ್ಡೆ ಅದೇ ಮಳೆಗೆ ಎದ್ದು ತಟ್ಟೆಯಗಲ ಅರಳುತ್ತದೆ. ಆಲ್ದೂರಿನಂಥ ಮಳೆಯೂರಿನಲ್ಲಿ ನಾಲ್ಕು ಹೆಜ್ಜೆ ಅಂಗಳಕ್ಕೆ ಯಾವ ಗಿಡ, ಯಾವ ಬಣ್ಣ?

ಕೃತ್ತಿಕೆ ಮಳೆ ಬಿದ್ದ ಮರುದಿನ ಬೆಳಿಗ್ಗೆ. ಆಲ್ದೂರಿನ ರಸ್ತೆ ಬದಿಯಲ್ಲಿ ಗೂಡ್ಸ್ ಆಟೊವೊಂದು ಬಂದು ನಿಂತಿದೆ. ಹಿಂದಿನ ಹಲಗೆ ಕೆಳಗಿಳಿದದ್ದೇ ತಡ, ಒದ್ದೆ ನೆಲದ ಮೇಲೆ ಗಿಡಗಳ ಸಾಲು ಏಳುತ್ತದೆ. ನೇರಳೆ ಪೆಟೂನಿಯ, ಕೆಂಪು ಸಾಲ್ವಿಯ, ಗುಲಾಬಿ ಬಣ್ಣದ ನಿತ್ಯಪುಷ್ಪ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮೊಗ್ಗು ಬಿಟ್ಟ ಗುಲಾಬಿ.

ಗೊಬ್ಬರದಂಗಡಿಗೆ ಬಂದವರು, ಬಸ್ಸಿಗೆ ಕಾಯುತ್ತಿದ್ದವರು, ತೋಟದ ಕೆಲಸಕ್ಕೆ ಹೊರಟವರು ಸುತ್ತ ನೆರೆಯುತ್ತಾರೆ. ಛತ್ರಿ ಮಡಚುತ್ತಾ ಒಬ್ಬಾಕೆ ಪೆಟೂನಿಯದ ಪಾಟು ಎತ್ತಿ ಕೇಳುತ್ತಾರೆ, ‘ಇದು ಮಳೇಲಿ ನಿಲ್ಲುತ್ತಾ?’

‘ನಿಲ್ಲುತ್ತೆ ಅಕ್ಕ, ಏನೂ ಆಗಲ್ಲ.’

ಆಗುತ್ತದೆ. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಪೆಟೂನಿಯದ ತೆಳು ಎಸಳು ನೀರು ಕುಡಿದು ಮುದ್ದೆಯಾಗುತ್ತದೆ. ನಿತ್ಯಪುಷ್ಪದ ಬುಡ ಕಪ್ಪಾಗಿ ಕೊಳೆಯುತ್ತದೆ. ಗುಲಾಬಿ ಎಲೆಗೆ ಕಪ್ಪುಚುಕ್ಕೆ ಬಂದು, ಬರೀ ಮುಳ್ಳಿನ ಕಡ್ಡಿ ಉಳಿಯುತ್ತದೆ. ತಪ್ಪು ಗಿಡದ್ದಲ್ಲ, ನೀರು ಹಾಕಿದವರದ್ದೂ ಅಲ್ಲ. ಇಂಥ ಗಿಡಗಳಲ್ಲಿ ಬಹಳಷ್ಟು ಬೆಳೆದು ಬರುವುದು ಬಯಲುಸೀಮೆಯ ನರ್ಸರಿಗಳಲ್ಲಿ, ಇಲ್ಲವೇ ದಕ್ಷಿಣ ಭಾರತಕ್ಕೆಲ್ಲ ಗಿಡ ಕಳಿಸುವ ಆಂಧ್ರದ ಕಡಿಯಂ ಕಡೆಯಿಂದ. ಬಿಸಿಲಿಗೆ, ಒಣಗಾಳಿಗೆ ಒಗ್ಗಿದ ಗಿಡವನ್ನು ತಂದು ಮಲೆನಾಡಿನ ಜಡಿಮಳೆಗೆ ಒಡ್ಡಿದರೆ ಅದು ಎಷ್ಟು ದಿನ ತಡೆದೀತು?

ಆ ಹೆಣ್ಣುಮಗಳು ಕೇಳಿದ್ದೇ ಸರಿಯಾದ ಪ್ರಶ್ನೆ. ಇಲ್ಲಿ ಬಣ್ಣವನ್ನು ಆರಿಸಬೇಕಾದದ್ದು ಮಳೆ ನಕ್ಷತ್ರ ನೋಡಿ.

ಬೆಳಕು ಎಷ್ಟಿದೆ?

ಚಿಕ್ಕಮಗಳೂರಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಆಲ್ದೂರು ಕಾಫಿ ತೋಟಗಳ ನಡುವಿನ ಊರು. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ಆಜುಬಾಜು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮೋಡ, ಮಂಜು. ಮನೆಯ ಹಿಂದೆ ಮುಂದೆ ಸಿಲ್ವರ್ ಮರ, ಹಾಲವಾಣ, ಅತ್ತಿ, ಹಲಸು. ಸಂಜೆ ಐದಕ್ಕೇ ಮಬ್ಬು ಕವಿಯುತ್ತದೆ.

ಈ ಮಬ್ಬಿನಲ್ಲಿ ಬಣ್ಣಗಳು ಬೇರೆಯಾಗಿಯೇ ಕಾಣುತ್ತವೆ. ಹಗಲಲ್ಲಿ ಉರಿಯುವ ಕೆಂಪು ಹೂ ಸಂಜೆ ಮಂಕಾಗಿ, ಕಪ್ಪಿಗೆ ತಿರುಗಿ, ಎಲೆಗಳೊಳಗೆ ಮುಳುಗಿಹೋಗುತ್ತದೆ. ಅದೇ ಹೊತ್ತಿನಲ್ಲಿ ಬಿಳಿ, ತಿಳಿಹಳದಿ, ನೀಲಿ ಎದ್ದು ಕಾಣತೊಡಗುತ್ತವೆ. ಬೆಳಕು ಕುಗ್ಗಿದಾಗ ನಮ್ಮ ಕಣ್ಣು ಕೆಂಪಿಗೆ ಮಂದವಾಗಿ ನೀಲಿಯ ಕಡೆಗೆ ಚುರುಕಾಗುವುದೇ ಇದಕ್ಕೆ ಕಾರಣ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗುರುತಿಸಿ ಹೇಳಿದವನು ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ. ಆ ಗುಣ ಇಂದಿಗೂ ಅವನ ಹೆಸರಿನಲ್ಲೇ ಇದೆ.

ಮಲೆನಾಡಿನ ಮನೆಯವರು ತಮ್ಮ ಹೂಗಿಡಗಳನ್ನು ನೋಡುವುದೇ ಬೆಳಗಿನ ಜಾವದಲ್ಲಿ ಮತ್ತು ಕೆಲಸ ಮುಗಿಸಿ ಜಗಲಿಯಲ್ಲಿ ಕೂತ ಹೊತ್ತಿನಲ್ಲಿ. ಹಾಗಾಗಿ ಬಾಗಿಲೆದುರಿನ ಪುಟ್ಟ ಜಾಗವನ್ನು ಕಡುಗೆಂಪಿನಿಂದ ತುಂಬುವುದು ಇಲ್ಲಿಗೆ ಹೊಂದುವುದಿಲ್ಲ. ಮುಕ್ಕಾಲು ಪಾಲು ತಿಳಿಬಣ್ಣ, ಅದರ ನಡುವೆ ಒಂದೇ ಒಂದು ಗಾಢ ಬಣ್ಣ. ಮಳೆಗಾಲದ ಅಂಗಳಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಂಡಿಲ್ಲ.

ಡೇರೆಯ ಕಾಲ

ಮಳೆಗಾಲದ ಮಲೆನಾಡಿನಲ್ಲಿ ಡೇರೆಗೆ ಸಾಟಿಯಾದ ಹೂವಿಲ್ಲ. ಪೇಟೆಯವರು ಡೇಲಿಯಾ ಎನ್ನುವ ಇದಕ್ಕೆ ಇಲ್ಲಿ ತಲೆಮಾರುಗಳಿಂದ ಡೇರೆ ಎಂದೇ ಹೆಸರು. ಬಿಳಿ, ಬೆಣ್ಣೆ ಬಣ್ಣ, ಹಳದಿ, ಕೇಸರಿ, ನೇರಳೆ, ಎರಡು ಬಣ್ಣ ಬೆರೆತದ್ದು, ಎಸಳು ಸುರುಳಿ ಸುತ್ತಿದ್ದು. ಶ್ರಾವಣದ ಪೂಜೆಗೆ, ಗೌರಿ ಹಬ್ಬಕ್ಕೆ, ಹೆಣ್ಣುಮಕ್ಕಳ ಜಡೆಗೆ ಇದೇ ಹೂ.

ಹೊರಗಿನಿಂದ ಬಂದ ನೂರಾರು ಗಿಡಗಳಲ್ಲಿ ಇದೊಂದು ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಕಾರಣವಿದೆ. ಡೇರೆಯ ತವರು ಮೆಕ್ಸಿಕೊದ ಎತ್ತರದ ನಾಡು. ಅಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತಂಪು. ಆಮೇಲೆ ಒಣ ತಿಂಗಳುಗಳು. ಮಳೆಯಲ್ಲಿ ಬೆಳೆದು, ಹೂಬಿಟ್ಟು, ಒಣಗಾಲದಲ್ಲಿ ಗೆಡ್ಡೆಯೊಳಗೆ ನಿದ್ದೆ ಹೋಗುವುದು ಅದರ ಹುಟ್ಟುಗುಣ. ಆಲ್ದೂರಿನ ವರ್ಷವೂ ಅದೇ ತಾಳದಲ್ಲಿ ನಡೆಯುತ್ತದೆ.

ವ್ಯತ್ಯಾಸ ಇರುವುದು ಮಳೆಯ ಪ್ರಮಾಣದಲ್ಲಿ. ಇಲ್ಲಿನ ನೀರು ಡೇರೆಗೆ ಹೆಚ್ಚು. ಅದಕ್ಕೇ ಹಳಬರು ಏರಿ ಮಾಡಿ ನೆಡುತ್ತಾರೆ. ನೆಲದಿಂದ ಗೇಣುದ್ದ ಎತ್ತರದ ಮಣ್ಣಿನ ದಿಬ್ಬ. ಅದರಲ್ಲಿ ಕೆಮ್ಮಣ್ಣು, ಕಳಿತ ಸಗಣಿ ಗೊಬ್ಬರ, ಒಂದಿಷ್ಟು ಮರಳು. ಗೆಡ್ಡೆ ನೆಡುವ ಮೊದಲೇ ಗೂಟ ಹೊಡೆಯಬೇಕು. ಗಿಡ ಎದ್ದ ಮೇಲೆ ಹೊಡೆದರೆ ಗೂಟದ ಮೊನೆ ಗೆಡ್ಡೆಯನ್ನೇ ಸೀಳುತ್ತದೆ. ಗೂಟಕ್ಕೆ ಹುಡುಕಾಟವಿಲ್ಲ: ಮಳೆಗೆ ಮುಂಚೆ ತೋಟದಲ್ಲಿ ನೆರಳುಮರಗಳ ಕೊಂಬೆ ಸವರುವ ಮರಗಸಿ ನಡೆದಿರುತ್ತದೆ, ಉರುಳಿದ ಕೊಂಬೆಗಳು ರಾಶಿ ಬಿದ್ದಿರುತ್ತವೆ.

ಗೆಡ್ಡೆಯನ್ನು ಹತ್ತಿರದಿಂದ ನೋಡಿ. ಗೆಣಸಿನಂಥ ನಾಲ್ಕೈದು ಬೆರಳುಗಳು ಒಂದು ಹಳೆಯ ಕಾಂಡದ ಬುಡಕ್ಕೆ ಅಂಟಿಕೊಂಡಿರುತ್ತವೆ. ಮೊಳಕೆ ಬರುವುದು ಆ ದಪ್ಪ ಬೆರಳಿನಿಂದಲ್ಲ. ಬೆರಳು ಕಾಂಡಕ್ಕೆ ಸೇರುವ ಕುತ್ತಿಗೆಯ ಮೇಲೆ ಸಾಸಿವೆ ಕಾಳಿನಷ್ಟು ಉಬ್ಬಿಕೊಂಡ ಕಣ್ಣಿನಿಂದ. ಎಷ್ಟೇ ದಪ್ಪಗಿರಲಿ, ಕಣ್ಣಿಲ್ಲದ ಗೆಡ್ಡೆ ಮಣ್ಣಿನಲ್ಲಿ ಕೊಳೆಯುತ್ತದೆಯೇ ಹೊರತು ಚಿಗುರುವುದಿಲ್ಲ. ಪಾಲು ಮಾಡುವಾಗ ಪ್ರತಿ ಬೆರಳಿನ ಜತೆ ಹಳೆ ಕಾಂಡದ ಒಂದು ಚೂರು, ಅದರಲ್ಲೊಂದು ಕಣ್ಣು ಬರುವಂತೆ ಕುಯ್ಯಬೇಕು. ಕುಯ್ದ ಗಾಯಕ್ಕೆ ಒಲೆಯ ಬೂದಿ ಹಚ್ಚಿ, ಒಂದೆರಡು ದಿನ ನೆರಳಲ್ಲಿ ಆರಿಸಿ ನೆಟ್ಟರೆ ಆಯಿತು.

ಗಿಡ ಮೊಣಕಾಲೆತ್ತರ ಬರುವ ಮೊದಲು ತುದಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ. ಚಿವುಟಲು ಮನಸ್ಸು ಬಾರದವರ ಗಿಡ ಆಳೆತ್ತರ ಹೋಗಿ ಮೊದಲ ಗಾಳಿಗೇ ಮುರಿಯುತ್ತದೆ. ಬಸವನಹುಳುವಿನ ಕಾಟವಂತೂ ತಪ್ಪಿದ್ದಲ್ಲ. ರಾತ್ರಿ ಊಟದ ನಂತರ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿಗೆ ಹಾಕುವುದೇ ಉಪಾಯ; ಉಪ್ಪನ್ನು ಗಿಡದ ಬುಡಕ್ಕೆ ಸುರಿಯಬಾರದು. ಮೇ ನಡುವಿನಲ್ಲಿ ನೆಟ್ಟ ಗೆಡ್ಡೆ ಎರಡೂವರೆ ಮೂರು ತಿಂಗಳಿಗೆ ಹೂ ಕೊಡುತ್ತದೆ. ಗೌರಿ ಹಬ್ಬಕ್ಕೆ ಲೆಕ್ಕ ಸರಿಹೋಗುತ್ತದೆ.

*

ಡೇರೆ: ಒಂದಿಷ್ಟು ಸಂಗತಿ

● ಮೆಕ್ಸಿಕೊದಿಂದ ಸ್ಪೇನ್‌ನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂದದ್ದು 1789ರಲ್ಲಿ. 1791ರಲ್ಲಿ ಅಲ್ಲಿನ ಸಸ್ಯವಿಜ್ಞಾನಿ ಕವನಿಯೆಸ್, ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ ಇದಕ್ಕೆ ಡೇಲಿಯಾ ಎಂದು ಹೆಸರಿಟ್ಟ.

● 1963ರಿಂದ ಇದು ಮೆಕ್ಸಿಕೊದ ರಾಷ್ಟ್ರೀಯ ಹೂ.

● ಒಂದು ಡೇರೆ ಒಂದೇ ಹೂವಲ್ಲ. ಸೂರ್ಯಕಾಂತಿ, ಸೇವಂತಿಗೆಯ ಹಾಗೆ ನೂರಾರು ಪುಟ್ಟ ಹೂಗಳ ಗೊಂಚಲು.

● ಜೀವಕೋಶದಲ್ಲಿ ವರ್ಣತಂತುಗಳ ಎಂಟು ಪ್ರತಿ ಇರುವುದರಿಂದ ಬಣ್ಣ, ಆಕಾರಗಳಲ್ಲಿ ಅಪಾರ ವೈವಿಧ್ಯ. ಬೀಜದಿಂದ ಎದ್ದ ಗಿಡ ತಾಯಿಯಂತಿರುತ್ತದೆಂಬ ಭರವಸೆ ಇಲ್ಲ. ಅದೇ ಬಣ್ಣ ಬೇಕೆಂದರೆ ಗೆಡ್ಡೆ ಅಥವಾ ಕಡ್ಡಿಯಿಂದಲೇ ಬೆಳೆಸಬೇಕು.

● ಇಷ್ಟೆಲ್ಲ ಬಣ್ಣಗಳ ನಡುವೆ ಅಪ್ಪಟ ನೀಲಿ ಡೇರೆ ಮಾತ್ರ ಇಲ್ಲ.

*

ಕಣವೇ ಅಂಗಳ

ಕಾಫಿ ಸೀಮೆಯಲ್ಲಿ ಮನೆಯೆದುರಿನ ಜಾಗ ಪೂರ್ತಿ ಹೂವಿಗೆ ಸಿಗುವುದಿಲ್ಲ. ಅನೇಕ ಮನೆಗಳಲ್ಲಿ ಅದು ಕಾಫಿ ಒಣಗಿಸುವ ಕಣ. ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು, ಹೊಸ ವರ್ಷದ ಹೊತ್ತಿಗೆ ರೊಬಸ್ಟಾ. ಫೆಬ್ರುವರಿ ದಾಟುವವರೆಗೆ ಅಲ್ಲಿ ಪಾಟು ಇಡಲು ಎಡೆಯಿಲ್ಲ.

ಡೇರೆ ಮನೆಮನೆಗೂ ಒಗ್ಗಿದ ಗುಟ್ಟು ಇಲ್ಲಿಯೂ ಇದೆ. ಕಣ ಖಾಲಿ ಬಿದ್ದಿರುವ ಮಳೆಗಾಲದಲ್ಲಿ ಪಾಟುಗಳ ಸಾಲು ಅಂಚಿನಲ್ಲಿ ನಿಲ್ಲುತ್ತದೆ. ಕೊಯ್ಲು ಶುರುವಾಗುವ ಹೊತ್ತಿಗೆ ಡೇರೆಯ ಕಾಂಡ ತಾನಾಗಿ ಒಣಗಿರುತ್ತದೆ. ಗೆಡ್ಡೆ ಕಿತ್ತು, ಒಣ ಮರಳಲ್ಲೋ ಬೂದಿಯಲ್ಲೋ ಹುದುಗಿಸಿ ಅಟ್ಟಕ್ಕೆ ಏರಿಸಿದರೆ ಕಣ ಕಾಫಿಗೆ ತೆರವು. ಸ್ವಂತ ಜಾಗವೇ ಇಲ್ಲದ ತೋಟದ ಕಾರ್ಮಿಕರ ಲೈನ್ ಮನೆಗಳ ಎದುರು ನೋಡಿ: ಒಡೆದ ಬಕೆಟ್, ಪೇಂಟಿನ ಡಬ್ಬಿ, ಹಳೆ ಟೈರು, ಗೊಬ್ಬರದ ಚೀಲ. ಸಾಲಿನ ಕೊನೆಯವರೆಗೂ ಹೂ. ಚಿಕ್ಕ ಜಾಗದಲ್ಲಿ ಬಣ್ಣ ತುಂಬುವುದನ್ನು ಕಲಿಯಬೇಕಾದವರು ಮೊದಲು ಹೋಗಬೇಕಾದ್ದು ಅಲ್ಲಿಗೆ.

ಎಲೆಯೇ ಹೂವಾಗಿ

ಹೂವೊಂದನ್ನೇ ನೆಚ್ಚಿದ ಅಂಗಳ ವರ್ಷದಲ್ಲಿ ಅರ್ಧ ಕಾಲ ಬೋಳು. ಪುಟ್ಟ ಜಾಗಕ್ಕೆ ಬೆನ್ನೆಲುಬಾಗಬೇಕಾದ್ದು ಬಣ್ಣದ ಎಲೆ.

ನೆರಳಿಗೆ ಕೋಲಿಯಸ್. ನೇರಳೆ, ತಿಳಿಹಸಿರು, ಇಟ್ಟಿಗೆ ಕೆಂಪು. ಹೂವಿನ ತೆನೆ ಕಂಡ ಕೂಡಲೇ ಚಿವುಟಬೇಕು, ಇಲ್ಲವಾದರೆ ಗಿಡ ಸೊರಗುತ್ತದೆ. ಮೊದಲ ಮಳೆಗೆ ಗೆಡ್ಡೆಯಿಂದ ಎದ್ದು ದೀಪಾವಳಿ ಕಳೆದ ಮೇಲೆ ಮಾಯವಾಗುವ ಕ್ಯಾಲೇಡಿಯಂ ಇನ್ನೊಂದು. ಬಿಳಿ ಎಲೆಗೆ ಹಸಿರು ನರವಿರುವ ಜಾತಿ ಮಬ್ಬು ಸಂಜೆಯಲ್ಲಿ ಹೂವಿಗಿಂತ ಚೆಂದ. ಬೆಳ್ಳಿ ಮಿಂಚಿನ ರೆಕ್ಸ್ ಬಿಗೋನಿಯಕ್ಕೆ ಸೂರಿನ ಕೆಳಗಿನ ಒದ್ದೆ ಗಾಳಿ ಬೇಕು, ಎಲೆಯ ಮೇಲೆ ಬಡಿಯುವ ಹನಿ ಬೇಡ. ಅದರ ಮೂಲ ಅಸ್ಸಾಂ ಕಡೆಯ ಕಾಡು. ನಮ್ಮ ಘಟ್ಟದ ಬಂಡೆಗಳ ಮೇಲೂ ಮಳೆಗಾಲದಲ್ಲಿ ಕಾಡು ಬಿಗೋನಿಯ ತಿಳಿಗುಲಾಬಿ ಹೂ ಬಿಡುವುದನ್ನು ಚಾರ್ಮಾಡಿ ದಾರಿಯಲ್ಲಿ ಓಡಾಡುವವರು ನೋಡಿರುತ್ತಾರೆ.

ಕ್ರೋಟನ್ ಮಾತ್ರ ಬಿಸಿಲಿನದ್ದು. ಮರದಡಿ ಇಟ್ಟರೆ ಹೊಸ ಎಲೆಗಳು ಬಣ್ಣ ಬಿಟ್ಟು ಹಸಿರಾಗುತ್ತವೆ. ಗಿಡ ಸತ್ತಿಲ್ಲ, ಬೆಳಕು ಸಾಲದೆಂದು ಹೇಳುತ್ತಿದೆ.

ಹೆಂಚಿನ ಮನೆಗಳಲ್ಲಿ ಸೂರಿನ ನೀರು ಬೀಳುವ ಗೆರೆಯನ್ನು ಬಿಟ್ಟುಕೊಡಲೇಬೇಕು. ಅಲ್ಲಿ ನೆಟ್ಟದ್ದು ಯಾವುದೂ ಉಳಿಯುವುದಿಲ್ಲ. ಒಂದು ಸಾಲು ಕಲ್ಲು ಹಾಸಿ, ಅದರಾಚೆ ಕಾಬಾಳೆಯನ್ನೋ ಸುಗಂಧಿಯನ್ನೋ ನೆಟ್ಟರೆ ಹರಿಯುವ ನೀರನ್ನು ಅವು ತಡೆದುಕೊಳ್ಳುತ್ತವೆ.

ಅಂಥೂರಿಯಂ ಈ ಸೀಮೆಗೂ ಕೊಡಗಿಗೂ ಚೆನ್ನಾಗಿ ಹೊಂದಿದೆ. ನೆರಳುಬಲೆಯ ಕೆಳಗೆ ಬೆಳೆದು ಪೇಟೆಗೆ ಕಳಿಸುವ ತೋಟದ ಮನೆಗಳೂ ಉಂಟು. ಅದರ ಕೆಂಪು ಭಾಗ ಎಸಳಲ್ಲ, ಬಣ್ಣ ತಳೆದ ಎಲೆ. ವಾರಗಟ್ಟಲೆ ಮಾಸದಿರುವುದು ಅದಕ್ಕೇ. ಹೊರಬಾಗಿಲ ಪಕ್ಕ ಎರಡು ಪಾಟು ಇದ್ದರೂ ಸಾಕು.

ಮಣ್ಣು ಬಳಿಯುವ ನೀಲಿ

ಡೇರೆಯಲ್ಲಿ ಸಿಗದ ನೀಲಿ ಇಲ್ಲಿ ಹೈಡ್ರೇಂಜಿಯದಲ್ಲಿ ಸಿಗುತ್ತದೆ, ಅದೂ ನಮ್ಮ ಮಣ್ಣಿನ ದೆಸೆಯಿಂದ.

ಜಡಿಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗುವುದರಿಂದ ಮಲೆನಾಡಿನ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ದೊರಕುತ್ತದೆ. ಹೈಡ್ರೇಂಜಿಯ ಅದನ್ನು ಹೀರಿಕೊಂಡಾಗ ಹೂವಿನ ಬಣ್ಣದ್ರವ್ಯ ನೀಲಿಗೆ ತಿರುಗುತ್ತದೆ. ಹುಳಿ ತಗ್ಗಿದರೆ ಅಲ್ಯೂಮಿನಿಯಂ ಮಣ್ಣಿಗೇ ಅಂಟಿ ಕೂರುತ್ತದೆ, ಹೂ ಗುಲಾಬಿ ಬಣ್ಣಕ್ಕೆ ಹೊರಳುತ್ತದೆ. ಮಣ್ಣಿನ ರಸಸಾರ 5.5ಕ್ಕಿಂತ ಕೆಳಗಿದ್ದರೆ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ನೇರಳೆ. ಬಿಳಿ ಜಾತಿಗಳು ಮಾತ್ರ ಬದಲಾಗುವುದಿಲ್ಲ.

ಕಾಫಿ ಬೆಳೆಗಾರರು ತೋಟಕ್ಕೆ ಸುಣ್ಣ ಕೊಡುವುದು ಇದೇ ಹುಳಿಯನ್ನು ತಗ್ಗಿಸಲು. ಸುಣ್ಣದ ಚೀಲ ಕೊಡವಿದ ಜಾಗದಲ್ಲಿ, ಹೊಸ ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟ ಗಿಡ ಗುಲಾಬಿಯಾದರೆ, ಹತ್ತು ಅಡಿ ಆಚೆ ಅದೇ ಗಿಡದ ಕಡ್ಡಿ ನೀಲಿಯಾಗಿ ಅರಳಬಹುದು. ಮಣ್ಣಿನ ಹುಳಿ ಎಷ್ಟೆಂದು ತಿಳಿಯಬೇಕೆನ್ನುವವರಿಗೆ ದೂರ ಹೋಗುವ ಕೆಲಸವಿಲ್ಲ. 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಸಂಸ್ಥೆ ಬಾಳೆಹೊನ್ನೂರಿನಲ್ಲಿದೆ. ತೋಟದ ಮಣ್ಣು ಪರೀಕ್ಷೆಯ ವರದಿ ಮನೆಯಲ್ಲಿದ್ದರೆ ಅದನ್ನೇ ತೆಗೆದು ನೋಡಿ. ಅಂಗಳದ ಮಣ್ಣು ಹೆಚ್ಚು ಕಡಿಮೆ ಅದರದ್ದೇ ಅಣ್ಣ ತಮ್ಮ.

ಒಂದರ ಹಿಂದೊಂದು

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಲಾಲ್‌ಬಾಗನ್ನು ನೋಡಿಕೊಂಡದ್ದಷ್ಟೇ ಅಲ್ಲ, ಊರಿನ ರಸ್ತೆಗಳಿಗೆ ಮರ ಆರಿಸುವಾಗ ಹೂಬಿಡುವ ತಿಂಗಳ ಲೆಕ್ಕ ಹಾಕಿದರು. ಒಂದು ಸಾಲು ಉದುರುವಷ್ಟರಲ್ಲಿ ಇನ್ನೊಂದು ಸಾಲು ಅರಳಬೇಕು. ಬೆಂಗಳೂರು ವರ್ಷವಿಡೀ ಯಾವುದೋ ಒಂದು ಹೂಮರದ ಬಣ್ಣದಲ್ಲಿರುವುದರ ಹಿಂದೆ ಆ ಆಲೋಚನೆಯಿದೆ. ಊರಿಗೆ ಮಾಡಿದ್ದನ್ನು ಅರವತ್ತು ಚದರಡಿಗೂ ಮಾಡಬಹುದು.

ಆಲ್ದೂರಿನ ವರ್ಷ ಮಾರ್ಚ್‌ನಿಂದ ಎಣಿಸಿದರೆ ಸುಲಭ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಮೂರು ನಾಲ್ಕು ದಿನ ಗುಡ್ಡವೆಲ್ಲ ಬಿಳಿ, ಊರೆಲ್ಲ ಮಲ್ಲಿಗೆಯ ಪರಿಮಳ. ಆ ಬಿಳುಪಿನ ಎದುರು ನಿಲ್ಲಬಲ್ಲದ್ದು ಕಾಗದದ ಹೂ, ಅಂದರೆ ಬೋಗನ್‌ವಿಲ್ಲೆ. ಕಾಫಿ ಮೊಗ್ಗಿಗೆ ಹೇಗೆ ಮಳೆಗೆ ಮುಂಚೆ ಬಾಯಾರಿಕೆಯ ದಿನಗಳು ಬೇಕೋ, ಇದಕ್ಕೂ ಹಾಗೆಯೇ: ನೀರು ಕಡಿಮೆಯಾದಾಗಲೇ ಬಣ್ಣ. ಮಳೆಗಾಲದಲ್ಲಿ ಬರೀ ಎಲೆ ಬಿಡುವ ಅದನ್ನು ಬೈಯಬಾರದು, ಮೂಲೆಗೆ ಸರಿಸಿದರಾಯಿತು.

ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಹನಿಗೆ ಮಳೆ ಲಿಲ್ಲಿ. ಹಿಂದೆಯೇ ಗೆಡ್ಡೆಯಿಂದ ನೇರ ಎದ್ದು ಬರುವ ಮೇ ಫ್ಲವರ್. ಗುಲ್‌ಮೊಹರ್ ಅಲ್ಲ, ಎಲೆಗೂ ಮುಂಚೆ ಕೆಂಪು ಚೆಂಡಿನಂತೆ ಅರಳುವ ಪುಟ್ಟ ಗಿಡ. ಜೂನ್, ಜುಲೈ ಕತ್ತಲೆಗೆ ಎಲೆಬಣ್ಣ, ಕರ್ಣಕುಂಡಲ, ಹೈಡ್ರೇಂಜಿಯ. ಕರ್ಣಕುಂಡಲದ ಕುಲಕ್ಕೆ ಪಶ್ಚಿಮ ಘಟ್ಟವೇ ದೊಡ್ಡ ತವರುಗಳಲ್ಲೊಂದು. ಬೀಜ ಉದುರಿಸಿಕೊಂಡು ಮರುವರ್ಷ ತಾನೇ ಹುಟ್ಟುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ಡೇರೆ. ಹಗಲು ಗಿಡ್ಡವಾಗುತ್ತಾ ಬಂದಂತೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ, ಸುಗ್ಗಿಯವರೆಗೆ ಅದರ ಆಳ್ವಿಕೆ.

ಗೂಡ್ಸ್ ಆಟೊದಲ್ಲಿ ಬಂದ ಪೆಟೂನಿಯ, ಸಾಲ್ವಿಯಗಳಿಗೂ ಒಂದು ಕಾಲವಿದೆ. ಅದು ಮಳೆ ಹಿಂದೆ ಸರಿದ ಅಕ್ಟೋಬರ್ ಕೊನೆ. ಆಗ ತಂದರೆ ಕಣ್ತುಂಬ ಹೂ, ಕೊಟ್ಟ ದುಡ್ಡಿಗೂ ಮೋಸವಿಲ್ಲ.

*

ಹತ್ತಡಿಗೆ ಆರಡಿ: ಹೀಗೆ ತುಂಬಬಹುದು

ಹಿಂದೆ: ಎರಡಡಿ ಅಂತರದಲ್ಲಿ ನಾಲ್ಕು ಡೇರೆ. ಮೂರು ಬಿಳಿ ಅಥವಾ ತಿಳಿಹಳದಿ, ಒಂದು ಕಡುನೇರಳೆ. ನಾಲ್ಕೂ ಬೇರೆ ಬಣ್ಣವಾದರೆ ಯಾವುದೂ ಕಣ್ಣಿಗೆ ನಿಲ್ಲುವುದಿಲ್ಲ.

ಮೂಲೆ: ಒಂದೇ ಒಂದು ಹೈಡ್ರೇಂಜಿಯ. ಅದು ಮೂರಡಿ ಅಗಲ ಬೆಳೆಯುತ್ತದೆ, ಜಾಗ ಬಿಟ್ಟೇ ನೆಡಿ.

ನಡುವೆ: ಕೋಲಿಯಸ್, ಒಂದೇ ಜಾತಿಯ ಐದಾರು ಕಡ್ಡಿ ಒತ್ತಾಗಿ.

ಅಂಚು: ಮಳೆ ಲಿಲ್ಲಿಯ ಗೆಡ್ಡೆಗಳು. ಹೂವಿಲ್ಲದಾಗಲೂ ಹುಲ್ಲಿನಂಥ ಎಲೆ ಅಂಚು ಕಟ್ಟುತ್ತದೆ.

ಸೂರಿನ ಕೆಳಗೆ: ಅಂಥೂರಿಯಂ, ಬಿಗೋನಿಯ ಪಾಟುಗಳು. ಬಿಸಿಲಿನ ಮೂಲೆಗೆ ಒಂದು ಬೋಗನ್‌ವಿಲ್ಲೆ, ಪಾಟಿನಲ್ಲೇ ಇರಲಿ.

*

ಬೇಡವೆನ್ನಬೇಕಾದ ಬಣ್ಣ

ಅಂಗಳದ ಬೇಲಿಯಾಚೆಯೇ ತೋಟ, ತೋಟದಾಚೆಯೇ ಕಾಡು ಇರುವ ಸೀಮೆ ಇದು. ಇಲ್ಲಿ ನೆಟ್ಟದ್ದು ಇಲ್ಲಿಯೇ ಉಳಿಯುತ್ತದೆಂದು ನಂಬುವ ಹಾಗಿಲ್ಲ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದ ಲಂಟಾನ ಇಂದು ನಮ್ಮ ಕಾಡುಗಳ ನೆಲವನ್ನೇ ಮುಚ್ಚಿದೆ. ಹಳದಿ ಗೊಂಚಲಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ಚೆಂದ ಕಂಡು ನೆಟ್ಟದ್ದೇ. ಈಗ ಬಂಡೀಪುರ, ನಾಗರಹೊಳೆಯಲ್ಲಿ ಕಿತ್ತರೂ ಹೋಗದ ಪಿಡುಗು.

ಇವತ್ತು ಪಾಟಿನಲ್ಲಿ ಮಾರಾಟವಾಗುವ ಅಂಥದೊಂದು ಗಿಡ ಸಿಂಗಪುರ ಡೇಸಿ. ಹೊಳೆಯುವ ಎಲೆ, ವರ್ಷವಿಡೀ ಹಳದಿ ಹೂ, ನೆಲ ಮುಚ್ಚಲು ಹೇಳಿ ಮಾಡಿಸಿದ್ದು ಎನ್ನುತ್ತಾರೆ. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಅದು ಒಮ್ಮೆ ಚರಂಡಿಗೆ ಇಳಿದರೆ ಹಳ್ಳದುದ್ದಕ್ಕೂ ಹರಡುತ್ತದೆ. ಜಗತ್ತಿನ ನೂರು ಅತಿಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜತೆ ಇದೂ ಇದೆ. ದಯವಿಟ್ಟು ತರಬೇಡಿ. ಈಗಾಗಲೇ ಇದ್ದರೆ ಕಿತ್ತು, ಬಿಸಿಲಿನ ಕಲ್ಲಿನ ಮೇಲೆ ಪೂರ್ತಿ ಒಣಗಿಸಿ; ತಿಪ್ಪೆಗೆ ಎಸೆದರೆ ತಿಪ್ಪೆಯಲ್ಲೇ ಚಿಗುರುತ್ತದೆ.

ಮಕ್ಕಳು, ದನಕರು ಓಡಾಡುವ ಅಂಗಳಕ್ಕೆ ಕಣಗಿಲೆ ಬೇಡ, ತೂಗುಹೂವಿನ ದೊಡ್ಡ ದತ್ತೂರಿ ಬೇಡ. ಎರಡೂ ವಿಷ. ಬೆಂಕಿ ಬಣ್ಣದ ಅಗ್ನಿಶಿಖೆ ಬೇಲಿಯಲ್ಲಿ ತಾನಾಗಿ ಹುಟ್ಟಿದರೆ ಇರಲಿ, ಆದರೆ ಅದರ ಗೆಡ್ಡೆ ಪ್ರಾಣಕ್ಕೇ ಎರವಾಗಬಲ್ಲದು. ಡೇರೆ ಗೆಡ್ಡೆಯ ಪಕ್ಕ ಅದನ್ನು ಇಡಲೇಬಾರದು. ಮರದ ಮೇಲಿನ ಸೀತಾಳೆ ದಂಡೆಯನ್ನು ಮರದ ಮೇಲೆಯೇ ನೋಡೋಣ. ಕಿತ್ತು ತಂದ ಹತ್ತರಲ್ಲಿ ಬದುಕುವುದು ಅಪರೂಪ, ಕಾಡಿನಲ್ಲಿ ಕಡಿಮೆಯಾಗುವುದು ಹತ್ತೂ.

ಕಡ್ಡಿ ಕೊಡಿ, ಗೆಡ್ಡೆ ಕೊಡಿ

ಮಲೆನಾಡಿನ ಅಂಗಳಗಳು ದುಡ್ಡಿನಿಂದ ಬೆಳೆದವಲ್ಲ. ಮದುವೆಗೋ ಪೂಜೆಗೋ ನೆಂಟರ ಮನೆಗೆ ಹೋದ ಹೆಂಗಸರು ಹೊರಡುವಾಗ ಬಾಳೆಲೆಯಲ್ಲಿ ಸುತ್ತಿದ ಒಂದು ಕಡ್ಡಿ, ಒಂದು ಗೆಡ್ಡೆ ಹಿಡಿದು ಬರುತ್ತಿದ್ದರು. ಹಾಗೆ ಬಂದ ಗಿಡಕ್ಕೆ ಒಂದು ಖಾತ್ರಿ ಇರುತ್ತದೆ: ಇದೇ ಮಳೆಯಲ್ಲಿ, ಇದೇ ಮಣ್ಣಿನಲ್ಲಿ ಅದು ಬದುಕಿದೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಂಥ ಕಡೆ ಕೇಳಿದರೂ, ಪಕ್ಕದ ಮನೆಯವರನ್ನು ಕೇಳಿದರೂ ಮೊದಲು ಕೇಳಬೇಕಾದ್ದು ಇದನ್ನೇ: ಈ ಗಿಡ ನಿಮ್ಮಲ್ಲಿ ಎಷ್ಟು ಮಳೆಗಾಲ ಕಂಡಿದೆ?

ಗೆಡ್ಡೆ ಕೊಡುವವರಿಗೂ ಒಂದು ಮಾತು. ಒಣಗಿದ ಮೇಲೆ ಬಿಳಿ ಡೇರೆಯ ಗೆಡ್ಡೆಗೂ ನೇರಳೆಯದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹೂ ಇರುವಾಗಲೇ ಆಯಾ ಬಣ್ಣದ ಬಟ್ಟೆಯ ಚೂರನ್ನು ಕಾಂಡದ ಬುಡಕ್ಕೆ ಕಟ್ಟಿಡಿ, ಕೀಳುವಾಗ ಅದು ಗೆಡ್ಡೆಯ ಜತೆಯೇ ಅಟ್ಟ ಏರಲಿ. ಕೇಳುವವರು ರೋಹಿಣಿ ಮಳೆ ಹಿಡಿಯುವ ಮೊದಲೇ ಕೇಳಿ; ಆಮೇಲೆ ಮೊಳಕೆ ಉದ್ದವಾಗಿ ಸಾಗಿಸುವಾಗ ಮುರಿಯುತ್ತದೆ. ಬದಲಿಗೆ ಕೊಡಲು ಏನೂ ಇಲ್ಲವೆಂದು ಹಿಂಜರಿಯಬೇಡಿ. ಕೋಲಿಯಸ್ಸಿನ ಒಂದು ತುದಿ ಮುರಿದು ಲೋಟದ ನೀರಿನಲ್ಲಿಟ್ಟರೆ ವಾರ ಹತ್ತು ದಿನದಲ್ಲಿ ಬೇರು ಬಿಡುತ್ತದೆ.